ತಲೆಪೆಟ್ಟು ತಿಂದ ಮಾಜಿ ಸೈನಿಕರ ಖಿನ್ನತೆಗೆ ಪಾಲಿಕ್ಲಿನಿಕ್‌ನಲ್ಲೇ ಚಿಕಿತ್ಸೆ ಶುರುವಾಗಲಿ: ಒಂದು ಬಹಿರಂಗ ಪತ್ರ

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ವ್ಯವಸ್ಥಾಪಕ ನಿರ್ದೇಶಕರಿಗೆ, ಕರ್ನಾಟಕದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನಿರ್ದೇಶಕರಿಗೆ, ಹಾಗೂ ಆ ಯೋಜನೆಯಡಿ ಜಿಲ್ಲೆಗಳಲ್ಲಿರುವ ಪಾಲಿಕ್ಲಿನಿಕ್‌ಗಳಲ್ಲಿ ಕೂರುವ ವೈದ್ಯಾಧಿಕಾರಿಗಳಿಗೆ

ಮಾನ್ಯರೇ,

ಐವತ್ತರ ಆಸುಪಾಸಿನ ಮಾಜಿ ಸೈನಿಕರೊಬ್ಬರು ಪಾಲಿಕ್ಲಿನಿಕ್‌ಗೆ ಬಂದು "ನಿದ್ದೆ ಸರಿ ಇಲ್ಲ, ತಲೆ ಭಾರ, ಸಣ್ಣಪುಟ್ಟದಕ್ಕೂ ಸಿಟ್ಟು ಬರುತ್ತೆ" ಅಂದರೆ ಅವರಿಗೆ ಸಾಮಾನ್ಯವಾಗಿ ಸಿಗುವುದು ಬಿ.ಪಿ. ತಪಾಸಣೆ, ಪ್ಯಾರಸಿಟಮಾಲ್, ಗ್ಯಾಸ್ ಮಾತ್ರೆ, ಜೊತೆಗೆ ನಿದ್ದೆಗೆಂದು ಒಂದು ಸ್ಟ್ರಿಪ್ ಅಲ್‌ಪ್ರಜೋಲಾಮ್. ನೌಕರಿಯಲ್ಲಿದ್ದಾಗ ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಮುಂದಿನ ದಾರಿ ಎರಡಾಗಿ ಒಡೆಯುತ್ತದೆ. ನ್ಯೂರಾಲಜಿಗೆ ಕಳಿಸಿದರೆ ಸ್ಕ್ಯಾನ್ ಆಗುತ್ತದೆ, 'ನಾರ್ಮಲ್' ಎಂದು ಬರೆದು ವಾಪಸ್ ಕಳಿಸುತ್ತಾರೆ. ಮನೋವೈದ್ಯರ ಬಳಿ ಕಳಿಸಿದರೆ ಅಲ್ಲಿ ಹಳೆಯ ಪೆಟ್ಟಿನ ಕಾಗದವೇ ಇರುವುದಿಲ್ಲ, ಎಲ್ಲರಿಗೂ ಬರೆಯುವ ಮಾತ್ರೆ ಎಲ್ಲರಿಗೂ ಬರೆಯುವ ಡೋಸ್‌ನಲ್ಲಿ ಬರುತ್ತದೆ. ತಲೆಪೆಟ್ಟು ಒಂದು ಫೈಲಿನಲ್ಲಿ, ಖಿನ್ನತೆ ಇನ್ನೊಂದರಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ತನ್ನಿ ಎಂಬುದಷ್ಟೇ ಈ ಪತ್ರದ ಕೋರಿಕೆ. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದುಬಾರಿ ಯಂತ್ರ ಬೇಕಿಲ್ಲ. ಏನು ಬೇಕು ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇವೆ.

ತಲೆಪೆಟ್ಟಿನ ನಂತರ ಖಿನ್ನತೆ ಬರುವುದು ಅಪರೂಪದ ಸಂಗತಿಯಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ತಲೆಪೆಟ್ಟಿನಿಂದ ಆಸ್ಪತ್ರೆ ಸೇರಿದ 559 ಜನರನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಆ ಒಂದು ವರ್ಷದೊಳಗೆ ಶೇ. 53ರಷ್ಟು ಜನರಿಗೆ ತೀವ್ರ ಖಿನ್ನತೆ ಕಾಣಿಸಿಕೊಂಡಿತ್ತು. ಅವರಲ್ಲಿ ಮಾತ್ರೆಯೋ ಆಪ್ತಸಮಾಲೋಚನೆಯೋ ಏನಾದರೂ ಒಂದು ಸಿಕ್ಕಿದ್ದು ಶೇ. 44ರಷ್ಟು ಜನರಿಗೆ ಮಾತ್ರ. ಅವರೆಲ್ಲ ಸಾಮಾನ್ಯ ನಾಗರಿಕರು. ಸೈನಿಕರ ವಿಷಯದಲ್ಲಿ ಇದರ ಮೇಲೆ ಯುದ್ಧದ ನೆನಪು, ಕುಟುಂಬದಿಂದ ದೂರವಿದ್ದ ವರ್ಷಗಳು, ನಿವೃತ್ತಿಯ ನಂತರದ ಖಾಲಿತನ ಎಲ್ಲವೂ ಬಂದು ಕೂರುತ್ತವೆ.

ನಮ್ಮಲ್ಲಿ ಪೆಟ್ಟು ಎಲ್ಲಿಂದ ಬರುತ್ತದೆ? 1984ರಿಂದ ಸಿಯಾಚಿನ್, 1987ರಿಂದ 1990ರವರೆಗೆ ಶ್ರೀಲಂಕಾ, 1999ರ ಕಾರ್ಗಿಲ್, ಕಾಶ್ಮೀರ ಮತ್ತು ಈಶಾನ್ಯದ ಐಇಡಿ ಸ್ಫೋಟಗಳು, 2020ರ ಜೂನ್‌ನಲ್ಲಿ ಕಲ್ಲು-ದೊಣ್ಣೆಗಳಲ್ಲೇ ನಡೆದ ಗಾಲ್ವಾನ್ ಕಾಳಗ. ಇವೆಲ್ಲ ಪತ್ರಿಕೆಯಲ್ಲಿ ಬಂದವು. ಪತ್ರಿಕೆಗೆ ಬಾರದ ಕಾರಣಗಳೂ ಇವೆ: ಗುಡ್ಡದ ರಸ್ತೆಯಲ್ಲಿ ಪಲ್ಟಿಯಾದ ಮೂರು ಟನ್ ಲಾರಿ, ಹಿಮದ ಮೇಲೆ ಜಾರಿ ಬಿದ್ದದ್ದು, ಪ್ಯಾರಾಚೂಟ್ ಇಳಿಯುವಾಗ ನೆಲಕ್ಕೆ ತಲೆ ಬಡಿದದ್ದು, ರೆಜಿಮೆಂಟಿನ ಬಾಕ್ಸಿಂಗ್ ರಿಂಗು, ವರ್ಷಗಟ್ಟಲೆ ಫಿರಂಗಿಯ ಪಕ್ಕ ನಿಂತವರು. ಅಮೆರಿಕದ ಸೇನೆಯ ಲೆಕ್ಕದಲ್ಲಿ 2000ದಿಂದೀಚೆಗೆ ದಾಖಲಾದ ತಲೆಪೆಟ್ಟುಗಳಲ್ಲಿ ಶೇ. 80ಕ್ಕೂ ಹೆಚ್ಚು 'ಲಘು' ವರ್ಗದವು. ವೈದ್ಯಕೀಯದ ಭಾಷೆಯಲ್ಲಿ ಲಘು ಎಂದರೆ ಅರ್ಧ ಗಂಟೆಗಿಂತ ಕಡಿಮೆ ಪ್ರಜ್ಞೆ ತಪ್ಪಿದ್ದು, ಒಂದು ದಿನಕ್ಕಿಂತ ಕಡಿಮೆ ನೆನಪು ಮಸುಕಾಗಿದ್ದು, ಪ್ರಜ್ಞೆಯ ಮಟ್ಟ ಅಳೆಯುವ ಕೋಮಾ ಮಾಪನದಲ್ಲಿ 13ರಿಂದ 15 ಅಂಕ ಬಂದದ್ದು. ಆ ಹೊತ್ತಿಗೆ ಅದು ಲಘುವೇ. ಆದರೆ ಅಂಥದ್ದು ಎರಡು, ಮೂರು, ನಾಲ್ಕು ಬಾರಿ ಆದವರೂ ಇದ್ದಾರೆ. ಸಾಮಾನ್ಯ ಸಿ.ಟಿ. ಸ್ಕ್ಯಾನ್‌ನಲ್ಲಿ ಅದರ ಗುರುತು ಕಾಣದಿರಬಹುದು. ತಲೆ ಒಮ್ಮೆಲೇ ಅಲುಗಿದಾಗ ಎಳೆದಂತಾಗುವುದು ಮಿದುಳಿನ ಉದ್ದುದ್ದ ನರತಂತುಗಳು, ಅದರಲ್ಲೂ ಮುಂಭಾಗವನ್ನು ಒಳಗಿನ ಭಾವಕೇಂದ್ರಗಳಿಗೆ ಜೋಡಿಸುವ ತಂತುಗಳು. ಹಾಗಾಗಿ 'ಸ್ಕ್ಯಾನ್ ನಾರ್ಮಲ್' ಎಂಬ ಮಾತು ರಕ್ತಸ್ರಾವ ಇಲ್ಲ ಎಂಬುದಕ್ಕಷ್ಟೇ ಪ್ರಮಾಣ.

ಪೆಟ್ಟು ದಾಖಲೆಯಲ್ಲಿ ಇರದಿರುವುದಕ್ಕೆ ಕಾರಣ ಸೈನಿಕರಿಗೆಲ್ಲ ಗೊತ್ತು. ಸೇನೆಯ ವೈದ್ಯಕೀಯ ವರ್ಗೀಕರಣದ ಹೆಸರೇ 'ಶೇಪ್'. ಅದರ ಮೊದಲ ಅಕ್ಷರ 'ಎಸ್' ಮನಸ್ಸಿಗೆ ಸಂಬಂಧಿಸಿದ್ದು. ಅಲ್ಲಿ ಒಂದರಿಂದ ಎರಡಕ್ಕೆ ಇಳಿದರೆ ಬಡ್ತಿ, ಕೋರ್ಸು, ಒಳ್ಳೆಯ ಪೋಸ್ಟಿಂಗ್ ಎಲ್ಲಕ್ಕೂ ಅಡ್ಡಿ. ಹಾಗಾಗಿ ಪೆಟ್ಟು ತಿಂದವರು "ಏನೂ ಆಗಿಲ್ಲ ಸಾಬ್" ಎಂದು ಎದ್ದು ನಿಲ್ಲುತ್ತಾರೆ. ಗಾಯದ ವರದಿಯ ನಮೂನೆ, ಅಂದರೆ ಐಎಎಫ್‌ವೈ-2006, ತುಂಬಿಸುವ ಗೋಜಿಗೇ ಹೋಗಿರುವುದಿಲ್ಲ. ಇಪ್ಪತ್ತು ವರ್ಷದ ನಂತರ ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದಾಗ ಆ ಕಾಗದವನ್ನೇ ಕೇಳುತ್ತಾರೆ. ಪಿಂಚಣಿಯ ಜಗಳ ಬೇರೆಯೇ. ಚಿಕಿತ್ಸೆಗೆ ಮಾತ್ರ ಕಾಗದ ಬೇಕಿಲ್ಲ, ಸರಿಯಾಗಿ ಕೇಳಿದರೆ ಸಾಕು. ಚಿಕಿತ್ಸೆಗೆಂದು ಕೇಳುತ್ತಿದ್ದೇವೆ, ಇದು ಪಿಂಚಣಿಯ ಬೋರ್ಡಿಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಕೇಳುವ ರೀತಿ ಮುಖ್ಯ. "ತಲೆಗೆ ಪೆಟ್ಟು ಬಿದ್ದಿದೆಯಾ?" ಎಂದರೆ ಬಹಳ ಮಂದಿ ಇಲ್ಲ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಪೆಟ್ಟು ಎಂದರೆ ಹೊಲಿಗೆ, ರಕ್ತ. ಬದಲಿಗೆ ಸಂದರ್ಭ ಹಿಡಿದು ಕೇಳಬೇಕು. ಗಾಡಿ ಅಪಘಾತ ಆಗಿತ್ತೇ? ಎತ್ತರದಿಂದ ಬಿದ್ದಿದ್ದಿರಾ? ಹತ್ತಿರದಲ್ಲಿ ಏನಾದರೂ ಸಿಡಿದಿತ್ತೇ? ಬಾಕ್ಸಿಂಗ್, ಕುಸ್ತಿ ಆಡುತ್ತಿದ್ದಿರಾ? ಹೌದು ಎಂದ ಪ್ರತಿಯೊಂದಕ್ಕೂ ಮುಂದಿನ ಪ್ರಶ್ನೆ: ಆಗ ಕಣ್ಣು ಕತ್ತಲಾಗಿತ್ತೇ, ಎಷ್ಟು ಹೊತ್ತು? ಆಮೇಲಿನ ಯಾವ ಸಂಗತಿ ಮೊದಲು ನೆನಪಿದೆ? ಕಿವಿ ಗುಂಯ್‌ಗುಟ್ಟುವುದು, ವಾಂತಿ, ಬೆಳಕು ನೋಡಲಾಗದಿರುವುದು ಎಷ್ಟು ದಿನ ಇತ್ತು? ಹಳೆಯ ಸೈನಿಕರಿಗೆ ವರ್ಷ ಮರೆತಿದ್ದರೂ ಯೂನಿಟ್ ಮತ್ತು ಜಾಗ ಮರೆತಿರುವುದಿಲ್ಲ, "ಆಗ ಯಾವ ಲೊಕೇಶನ್‌ನಲ್ಲಿದ್ದಿರಿ?" ಎಂದರೆ ಉಳಿದದ್ದು ತಾನಾಗಿ ಬರುತ್ತದೆ. ಹತ್ತು ನಿಮಿಷದ ಕೆಲಸ. ನರ್ಸಿಂಗ್ ಸಹಾಯಕರೂ ಮಾಡಬಹುದು. ಸಿಕ್ಕ ಉತ್ತರವನ್ನು ಪಾಲಿಕ್ಲಿನಿಕ್‌ನ ದಾಖಲೆಯ ಮೊದಲ ಪುಟದಲ್ಲಿ, ಮಧುಮೇಹ-ಬಿ.ಪಿ. ಬರೆಯುವ ಜಾಗದಲ್ಲೇ ಬರೆಯಿರಿ. ಮುಂದಿನ ವೈದ್ಯರು ಅದನ್ನು ಹುಡುಕುವಂತಾಗಬಾರದು.

ಖಿನ್ನತೆಯನ್ನು ಅಳೆಯಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಸಾಕು. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಕನ್ನಡದಲ್ಲೂ ಇದೆ, ತಲೆಪೆಟ್ಟು ಆದವರಲ್ಲೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಆದರೆ ಅಂಕ ಕೂಡಿಸಿ ಬಿಟ್ಟರೆ ಎರಡು ಕಡೆ ಎಡವುತ್ತೇವೆ. ನಿದ್ದೆ, ಸುಸ್ತು, ಏಕಾಗ್ರತೆ, ಮಂದಗತಿ ಈ ನಾಲ್ಕೂ ಖಿನ್ನತೆ ಇಲ್ಲದಿದ್ದರೂ ತಲೆಪೆಟ್ಟಿನಿಂದಲೇ ಬರಬಲ್ಲವು. ಹಾಗಾಗಿ ಒಟ್ಟು 12 ಬಂದಾಗ ಅದು ಎಲ್ಲಿಂದ ಬಂತೆಂದು ನೋಡಿ. ಮೊದಲ ಎರಡು ಪ್ರಶ್ನೆಗಳಿಗೆ, ಅಂದರೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದಕ್ಕೂ ಮನಸ್ಸು ಕುಗ್ಗಿರುವುದಕ್ಕೂ, ಸೊನ್ನೆ ಇದ್ದು ಅಂಕವೆಲ್ಲ ಆ ನಾಲ್ಕರಿಂದಲೇ ಬಂದಿದ್ದರೆ ಮೊದಲು ನಿದ್ದೆ ಮತ್ತು ತಲೆನೋವಿನ ಕಡೆ ಗಮನ ಕೊಡಿ. ಇನ್ನೊಂದು ಕಡೆ, ಮುಂಭಾಗದ ಮಿದುಳಿಗೆ ಪೆಟ್ಟಾದವರಿಗೆ ತಮ್ಮ ಬದಲಾವಣೆ ತಮಗೇ ಗೊತ್ತಾಗುವುದಿಲ್ಲ. ಎಲ್ಲಕ್ಕೂ "ಠೀಕ್ ಹೈ" ಎಂದು ಸೊನ್ನೆ ಹಾಕಿ ಕೊಡುತ್ತಾರೆ, ಪಕ್ಕದಲ್ಲಿ ಕೂತ ಹೆಂಡತಿಯ ಕಣ್ಣಲ್ಲಿ ನೀರು. ಹಾಳೆಯನ್ನು ಅವರಿಗೂ ಕೊಡಿ, ಬೇರೆ ಕೋಣೆಯಲ್ಲಿ. ಒಂಬತ್ತನೆಯ ಪ್ರಶ್ನೆ, ಸಾಯುವ ಯೋಚನೆಯದು, ಯಾವ ಕಾರಣಕ್ಕೂ ಬಿಡಬೇಡಿ. ಕೇಳಿದರೆ ತಲೆಗೆ ಹೊಳೆಯುತ್ತದೆ ಎಂಬುದು ಸುಳ್ಳು ಭಯ.

ಖಿನ್ನತೆಯಂತೆ ಕಾಣುವ ಇನ್ನೆರಡು ಸ್ಥಿತಿಗಳಿವೆ. ಮೊದಲನೆಯದು ನಿರಾಸಕ್ತಿ. ಬೆಳಗ್ಗೆ ಎದ್ದು ಜಗಲಿ ಮೇಲೆ ಕೂತರೆ ಸಂಜೆಯವರೆಗೆ ಅಲ್ಲೇ. ದುಃಖವಿಲ್ಲ, ಅಪರಾಧಭಾವವಿಲ್ಲ, ಎಬ್ಬಿಸಿ ಕರೆದುಕೊಂಡು ಹೋದರೆ ಬರುತ್ತಾರೆ, ಬಂದ ಮೇಲೆ ಖುಷಿಯಾಗಿಯೂ ಇರುತ್ತಾರೆ. ಚಾಲನೆ ಕೊಡುವ ಭಾಗಕ್ಕೇ ಪೆಟ್ಟಾಗಿದೆ. ಇವರಿಗೆ ಖಿನ್ನತೆಯ ಮಾತ್ರೆ ಕೆಲವೊಮ್ಮೆ ಇನ್ನಷ್ಟು ಮಂಕು ತರುತ್ತದೆ. ಇವರಿಗೆ ಬೇಕಾದ್ದು ಗೋಡೆಗೆ ಅಂಟಿಸಿದ ದಿನಚರಿ, ಅಲಾರಂ, ಎಬ್ಬಿಸುವ ಒಬ್ಬರು. ಎರಡನೆಯದು ಕಾರಣವಿಲ್ಲದೆ ಉಕ್ಕುವ ಅಳು ಅಥವಾ ನಗು. ಟಿ.ವಿ.ಯಲ್ಲಿ ಪರೇಡ್ ನೋಡಿದರೆ ಬಿಕ್ಕಿ ಬಿಕ್ಕಿ ಅಳು, ಅರ್ಧ ನಿಮಿಷಕ್ಕೆ ನಿಂತೂ ಹೋಯಿತು, ಒಳಗೆ ಅಷ್ಟು ದುಃಖವೇನೂ ಇರಲಿಲ್ಲ. ಇದಕ್ಕೆ ಖಿನ್ನತೆಗೆ ಕೊಡುವುದಕ್ಕಿಂತ ಕಡಿಮೆ ಡೋಸ್‌ನಲ್ಲೇ ಅದೇ ಮಾತ್ರೆಗಳು ಕೆಲಸ ಮಾಡುತ್ತವೆ.

ಮಾತ್ರೆ ಬರೆಯುವ ಮೊದಲು ರಕ್ತ ಪರೀಕ್ಷೆ ಆಗಲಿ. ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಬಿ12, ಥೈರಾಯ್ಡ್. ಥೈರಾಯ್ಡ್‌ನಲ್ಲಿ ಟಿಎಸ್‌ಎಚ್ ಒಂದನ್ನೇ ಕಳಿಸಬೇಡಿ, ಫ್ರೀ ಟಿ4 ಜೊತೆಗಿರಲಿ. ಥೈರಾಯ್ಡ್‌ಗೆ ಟಿಎಸ್‌ಎಚ್ ಮೂಲಕ ಸೂಚನೆ ಕೊಡುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೇ ತಲೆಪೆಟ್ಟಿನಲ್ಲಿ ಪೆಟ್ಟಾಗಿದ್ದರೆ ಟಿಎಸ್‌ಎಚ್ ನಾರ್ಮಲ್ ತೋರಿಸಿ ಟಿ4 ಕೆಳಗಿರಬಹುದು. ಮಧ್ಯಮ ಅಥವಾ ತೀವ್ರ ಪೆಟ್ಟಾದವರಿಗೆ, ಅಥವಾ ಸುಸ್ತು ಮತ್ತು ಲೈಂಗಿಕ ನಿರಾಸಕ್ತಿ ಎದ್ದು ಕಾಣುವವರಿಗೆ, ಬೆಳಗ್ಗೆ ಎಂಟು-ಒಂಬತ್ತರ ನಡುವೆ ಕಾರ್ಟಿಸಾಲ್ ಮತ್ತು ಟೆಸ್ಟೊಸ್ಟಿರೋನ್ ನೋಡಿ. ಮಧ್ಯಾಹ್ನ ತೆಗೆದ ರಕ್ತದ ಅಂಕಿ ದಾರಿ ತಪ್ಪಿಸುತ್ತದೆ. ಅರವತ್ತು ದಾಟಿದವರು, ಅದರಲ್ಲೂ ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು, ಕೆಲವೇ ವಾರಗಳಲ್ಲಿ ಮಂಕಾಗಿದ್ದಾರೆ, ನಡಿಗೆ ತಪ್ಪುತ್ತಿದೆ ಎಂದಾದರೆ ಅದು ಹಳೆಯ ಪೆಟ್ಟಿನ ಖಿನ್ನತೆ ಎಂದುಕೊಳ್ಳಬೇಡಿ. ಬಚ್ಚಲಲ್ಲಿ ಜಾರಿ ಬಿದ್ದದ್ದು ಮರೆತಿರಬಹುದು, ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಕಟ್ಟುತ್ತಿರಬಹುದು. ಅಂದೇ ಸಿ.ಟಿ. ಮಾಡಿಸಿ.

ಈಗ ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವ ವಿಷಯ: ಈಗಾಗಲೇ ತಿನ್ನುತ್ತಿರುವ ಮಾತ್ರೆಗಳು. ತಲೆಪೆಟ್ಟು ಆದಾಗ ಆಸ್ಪತ್ರೆಯಲ್ಲಿ ಫಿಟ್ಸ್ ಬಾರದಿರಲೆಂದು ಲೆವೆಟಿರಾಸಿಟಮ್ ಶುರು ಮಾಡುತ್ತಾರೆ. ಮೊದಲ 7 ದಿನಗಳ ಫಿಟ್ಸ್ ತಡೆಯಲು ಔಷಧ ಕೊಡುವುದು ಸರಿಯೇ. ಆದರೆ ಅದನ್ನು ಮುಂದುವರಿಸಿದ ಮಾತ್ರಕ್ಕೆ ತಿಂಗಳುಗಳ ನಂತರ ಬರುವ ಅಪಸ್ಮಾರ ತಪ್ಪುವುದಿಲ್ಲ ಎಂಬುದು ಬಹಳ ಹಿಂದೆಯೇ ಗೊತ್ತಾದ ಸಂಗತಿ. ಆದರೂ ಡಿಸ್ಚಾರ್ಜ್ ಹಾಳೆಯಲ್ಲಿ 'ಮುಂದುವರಿಸಿ' ಎಂದಿರುತ್ತದೆ, ಪ್ರತಿ ತಿಂಗಳೂ ಕೌಂಟರಿನಲ್ಲಿ ಅದೇ ಚೀಟಿಗೆ ಅದೇ ಮಾತ್ರೆ ಸಿಗುತ್ತದೆ, ವರ್ಷಗಳು ಉರುಳುತ್ತವೆ. ಈ ಔಷಧದಿಂದ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕಿರಿಕಿರಿ, ಸಿಟ್ಟು, ಮನಸ್ಸು ಕುಗ್ಗುವುದು ಬರುತ್ತದೆ. ಮನೆಯವರು "ಮಿಲಿಟರಿ ಸಿಟ್ಟು" ಎನ್ನುತ್ತಾರೆ, ವೈದ್ಯರು ಖಿನ್ನತೆ ಎಂದು ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಹಾಗಾಗಿ ಮೊದಲು ಕೇಳಿ: ಆಸ್ಪತ್ರೆ ಬಿಟ್ಟ ಮೇಲೆ ಎಂದಾದರೂ ಫಿಟ್ಸ್ ಬಂದಿತ್ತೇ? ಬಂದಿರದಿದ್ದರೆ ನ್ಯೂರಾಲಜಿಸ್ಟ್ ಒಪ್ಪಿಗೆ ಪಡೆದು ವಾರಗಟ್ಟಲೆ ಸಮಯದಲ್ಲಿ ನಿಧಾನವಾಗಿ ಇಳಿಸಿ. ಬಂದಿದ್ದರೆ ನಿಲ್ಲಿಸುವ ಮಾತಿಲ್ಲ, ವಾಲ್‌ಪ್ರೊಯೇಟ್‌ಗೋ ಲ್ಯಾಮೊಟ್ರಿಜಿನ್‌ಗೋ ಬದಲಾಯಿಸಬಹುದೇ ಎಂದು ಕೇಳಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ, ಅದನ್ನು ಮನೆಯವರಿಗೂ ಹೇಳಬೇಕು. ಇದೊಂದು ಬದಲಾವಣೆಯಿಂದಲೇ ಮನೆ ತಣ್ಣಗಾದ ಉದಾಹರಣೆಗಳು ಈ ಕೆಲಸದಲ್ಲಿರುವ ಎಲ್ಲರ ಬಳಿಯೂ ಇವೆ.

ಖಿನ್ನತೆಯ ಔಷಧಗಳ ವಿಷಯದಲ್ಲಿ ನೇರವಾಗಿ ಹೇಳಬೇಕು: ತಲೆಪೆಟ್ಟು ಆದವರಲ್ಲಿ ಪುರಾವೆ ನಾವು ಬಯಸುವಷ್ಟು ಗಟ್ಟಿಯಿಲ್ಲ. 2016ರಲ್ಲಿ ಪ್ರಕಟವಾದ 94 ಜನರ ಪ್ರಯೋಗದಲ್ಲಿ ಖಿನ್ನತೆ ಬರುವ ಮೊದಲೇ ದಿನಕ್ಕೆ 100 ಮಿ.ಗ್ರಾಂ ಸರ್ಟ್ರಲೀನ್ ಅನ್ನು 24 ವಾರ ಕೊಟ್ಟಾಗ ಖಿನ್ನತೆ ಬರುವುದು ಕಡಿಮೆಯಾಯಿತು. ಮರುವರ್ಷ ಬಂದ 62 ಜನರ ಇನ್ನೊಂದು ಪ್ರಯೋಗದಲ್ಲಿ, ಖಿನ್ನತೆ ಬಂದವರಿಗೆ ಅದೇ ಔಷಧ ಕೊಟ್ಟಾಗ, ಔಷಧವಿಲ್ಲದ ತೋರಿಕೆಯ ಮಾತ್ರೆ ತಿಂದವರಿಗಿಂತ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನವರು ಸುಧಾರಿಸಿದ್ದರು, ಯಾರೋ ಕರೆದು ವಿಚಾರಿಸಿದ್ದರಿಂದಲೂ ಇರಬಹುದು. ಹಾಗೆಂದು ಮಾತ್ರೆ ಬೇಡವೆಂದಲ್ಲ. ಮಾತ್ರೆ ಕೊಟ್ಟು ಮೂರು ತಿಂಗಳಿಗೆ ಬಾ ಎನ್ನುವುದು ಚಿಕಿತ್ಸೆಯಾಗುವುದಿಲ್ಲ. ಸದ್ಯಕ್ಕೆ ಮೊದಲ ಆಯ್ಕೆಯಾಗಿ ಉಳಿದಿರುವುದು ಸರ್ಟ್ರಲೀನ್ ಅಥವಾ ಎಸಿಟಲೋಪ್ರಾಮ್, ಎರಡೂ ಅಗ್ಗ.

ಸರ್ಟ್ರಲೀನ್ 25 ಮಿ.ಗ್ರಾಂನಿಂದ ಶುರು ಮಾಡಿ, ಬೆಳಗಿನ ತಿಂಡಿಯ ನಂತರ. ಒಂದು ವಾರಕ್ಕೆ 50. ನಾಲ್ಕನೇ ವಾರ ಪಿಎಚ್‌ಕ್ಯೂ ಮತ್ತೆ ತುಂಬಿಸಿ, ಅಂಕ ಇಳಿಯದಿದ್ದರೆ 25 ಅಥವಾ 50ರಂತೆ ಏರಿಸುತ್ತ ಹೋಗಿ. ಗರಿಷ್ಠ 200. ಎಸಿಟಲೋಪ್ರಾಮ್ ಆದರೆ 5ರಿಂದ 10ಕ್ಕೆ, ಬೇಕಿದ್ದರೆ 20ಕ್ಕೆ, ಆದರೆ ವಯಸ್ಸಾದವರಿಗೆ 10ಕ್ಕೇ ನಿಲ್ಲಿಸಿ, ಇಸಿಜಿ ನೋಡಿ. ಪೆಟ್ಟು ತಿಂದ ಮಿದುಳು ಅಡ್ಡಪರಿಣಾಮಕ್ಕೆ ಬೇಗ ಸ್ಪಂದಿಸುತ್ತದೆ, ಅದಕ್ಕೇ ಅರ್ಧ ಡೋಸ್‌ನಿಂದ ಶುರು. ಆದರೆ ಇಲ್ಲಿ ಆಗುವ ದೊಡ್ಡ ತಪ್ಪು ಅರ್ಧ ಡೋಸ್‌ನಲ್ಲೇ ನಿಂತುಬಿಡುವುದು. 25 ಮಿ.ಗ್ರಾಂನಲ್ಲಿ ಆರು ತಿಂಗಳು ಇಟ್ಟು "ಔಷಧ ಹಿಡಿಯಲಿಲ್ಲ" ಎಂದು ಬರೆದ ಚೀಟಿಗಳಿಗೆ ಕೊರತೆಯಿಲ್ಲ. ಸರಿಯಾದ ಡೋಸ್‌ನಲ್ಲಿ ಆರರಿಂದ ಎಂಟು ವಾರ ಕಳೆಯದೆ ಆ ತೀರ್ಮಾನ ಬೇಡ. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಯಬೇಕು. ಮೊದಲ ಹತ್ತು ದಿನ ಹೊಟ್ಟೆ ತೊಳಸುವುದು, ಚಡಪಡಿಕೆ ಇರುತ್ತದೆ, ಆಮೇಲೆ ತಗ್ಗುತ್ತದೆ ಎಂದು ಮೊದಲೇ ಹೇಳದಿದ್ದರೆ ಐದನೇ ದಿನಕ್ಕೆ ಬಿಟ್ಟಿರುತ್ತಾರೆ. ಲೈಂಗಿಕ ತೊಂದರೆಯನ್ನು ಅವರಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಎರಡು ವಾರಕ್ಕೆ ಸೋಡಿಯಂ ಮತ್ತೆ ನೋಡಿ. ಈ ಮಾತ್ರೆಗಳಿಂದಲೂ ಅದು ಇಳಿಯುತ್ತದೆ, ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಲ್ಲಿ ಇನ್ನೂ ಹೆಚ್ಚು. 130ಕ್ಕಿಂತ ಕೆಳಗೆ ಬಂದರೆ ನಿಲ್ಲಿಸಿ, ಮೇಲಿನ ವೈದ್ಯರನ್ನು ಕೇಳಿ. ಮಂಡಿನೋವಿಗೆಂದು ಡೈಕ್ಲೋಫೆನಾಕ್ ನುಂಗುವವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಅದಕ್ಕೂ ಒಂದು ಕಣ್ಣಿರಲಿ.

ದೂರವಿಡಬೇಕಾದವು ಕೆಲವಿವೆ. ಖಿನ್ನತೆಯ ಇನ್ನೊಂದು ಮಾತ್ರೆಯಾದ ಬುಪ್ರೊಪಿಯಾನ್ ಫಿಟ್ಸ್ ತರಬಲ್ಲದು, ತಲೆಪೆಟ್ಟಿನವರಿಗೆ ಬೇಡ. ನೋವಿನ ಮಾತ್ರೆ ಟ್ರಮಡಾಲ್ ಸಹ ಹಾಗೆಯೇ, ಸರ್ಟ್ರಲೀನ್ ಜೊತೆ ಸೇರಿದರಂತೂ ನಡುಕ, ಜ್ವರ, ಗೊಂದಲದ ಅಪಾಯಕಾರಿ ಸ್ಥಿತಿಗೆ ಒಯ್ಯಬಲ್ಲದು. ಬೆನ್ನುನೋವಿಗೆಂದು ಬೇರೆ ಕಡೆ ಬರೆದುಕೊಟ್ಟಿರುತ್ತಾರೆ, ಚೀಲದಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಸುರಿಸಿ ನೋಡಿ. ಅಮಿಟ್ರಿಪ್ಟಿಲೀನ್ ತಲೆನೋವಿಗೆ ರಾತ್ರಿ 10 ಮಿ.ಗ್ರಾಂ ಆದರೆ ಸರಿ, ಖಿನ್ನತೆಗೆಂದು 75, 100ಕ್ಕೆ ಏರಿಸಿದರೆ ಮೊದಲೇ ಸೋರುವ ನೆನಪು ಇನ್ನೂ ಸೋರುತ್ತದೆ. ಅಲ್‌ಪ್ರಜೋಲಾಮ್, ಕ್ಲೊನಜೆಪಾಮ್ ನಿದ್ದೆಯ ಮಾತ್ರೆಯಾಗಿ ಬರೆಯುವ ರೂಢಿ ನಿಲ್ಲಬೇಕು: ನೆನಪು ಕೆಡಿಸುತ್ತವೆ, ಬೀಳಿಸುತ್ತವೆ, ಬಿಡಿಸುವುದು ಕಷ್ಟ. ಈಗಾಗಲೇ ವರ್ಷಗಳಿಂದ ತಿನ್ನುತ್ತಿದ್ದರೆ ಥಟ್ಟನೆ ನಿಲ್ಲಿಸದೆ ಎರಡು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಇಳಿಸಿ. ಇನ್ನು 'ಮಿದುಳಿನ ಟಾನಿಕ್' ಎಂದು ಕೊಡುವ ಸಿಟಿಕೋಲಿನ್. 1,213 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ತಲೆಪೆಟ್ಟಿನವರಿಗೆ ಏನೂ ಲಾಭ ಕಾಣಲಿಲ್ಲ. ಆ ಹಣದಲ್ಲಿ ಸರ್ಟ್ರಲೀನ್ ದಾಸ್ತಾನು ಖಾಲಿಯಾಗದಂತೆ ನೋಡಿಕೊಳ್ಳಬಹುದು. ಅಧಿಕ ಒತ್ತಡದ ಆಮ್ಲಜನಕದ ಕೋಣೆಯ ಜಾಹೀರಾತು ನೋಡಿ ಪಿಂಚಣಿಯ ಹಣ ಸುರಿಯುವವರಿದ್ದಾರೆ. ಅಮೆರಿಕದ ಸೇನೆಯೇ ನಡೆಸಿದ ಪ್ರಯೋಗಗಳಲ್ಲಿ ನಿಜವಾದ ಕೋಣೆಗೂ ತೋರಿಕೆಯ ಕೋಣೆಗೂ ವ್ಯತ್ಯಾಸ ಸಿಗಲಿಲ್ಲ.

ಮಾತಿನ ಚಿಕಿತ್ಸೆ ತಲೆಪೆಟ್ಟಿನವರಿಗೆ ಆಗುವುದಿಲ್ಲ, ನೆನಪಿರುವುದಿಲ್ಲ ಎಂಬ ಮಾತು ಕೇಳಿಬರುತ್ತದೆ. ರೀತಿ ಬದಲಿಸಿದರೆ ಆಗುತ್ತದೆ. ಒಂದು ಗಂಟೆಯ ಬದಲು ಮೂವತ್ತು ನಿಮಿಷ. ಫ್ಯಾನಿನ ಸದ್ದೂ ಟ್ಯೂಬ್‌ಲೈಟಿನ ಮಿಣುಕೂ ಇಲ್ಲದ ಕೋಣೆ. ಬೆಳಗಿನ ಹೊತ್ತು, ಏಕೆಂದರೆ ಮಧ್ಯಾಹ್ನಕ್ಕೆ ತಲೆ ದಣಿದಿರುತ್ತದೆ. ಒಂದು ಸಲಕ್ಕೆ ಒಂದೇ ವಿಷಯ, ಹೇಳಿದ್ದನ್ನು ಅವರ ಕೈಯಲ್ಲೇ ಚಿಕ್ಕ ಡೈರಿಯಲ್ಲಿ ಬರೆಸುವುದು, ಕೊನೆಗೆ "ಈಗ ನಾವೇನು ತೀರ್ಮಾನಿಸಿದೆವು ಹೇಳಿ" ಎಂದು ಅವರಿಂದಲೇ ಹೇಳಿಸುವುದು. ಸೈನಿಕರಿಗೆ ಆದೇಶ ತಿರುಗಿ ಹೇಳುವುದು ರೂಢಿಯಿದೆ, ಮುಜುಗರವಾಗುವುದಿಲ್ಲ. ಶುರುವಿಗೆ ಯೋಚನೆ ತಿದ್ದುವ ಗೋಜು ಬೇಡ, ಚಟುವಟಿಕೆಯೇ ಸಾಕು. ಮೊದಲ ವಾರ: ಬೆಳಗ್ಗೆ ಆರೂವರೆಗೆ ಎದ್ದು ಹದಿನೈದು ನಿಮಿಷ ನಡೆಯುವುದು, ಸಂಜೆ ಒಬ್ಬ ಹಳೆಯ ಸಂಗಾತಿಗೆ ಫೋನ್. ಎರಡನೇ ವಾರ ಅದಕ್ಕೆ ಒಂದು ಕೆಲಸ ಸೇರಿಸಿ, ತೋಟದ್ದೋ ಕೊಟ್ಟಿಗೆಯದ್ದೋ. ಮಾಡಿದ್ದಕ್ಕೆ ಡೈರಿಯಲ್ಲಿ ಗುರುತು, ಮನಸ್ಸು ಹೇಗಿತ್ತೆಂದು ಹತ್ತರಲ್ಲಿ ಅಂಕ. ಹೀಗೆ ಹತ್ತು-ಹನ್ನೆರಡು ಸಿಟ್ಟಿಂಗ್. ಅಮೆರಿಕದಲ್ಲಿ 100 ಜನರ ಪ್ರಯೋಗವೊಂದರಲ್ಲಿ ಇಂಥ ಚಿಕಿತ್ಸೆಯನ್ನು ಹಲವರಿಗೆ ಫೋನಿನಲ್ಲೇ ಕೊಟ್ಟು ನೋಡಿದಾಗ ಒಟ್ಟು ಲೆಕ್ಕದಲ್ಲಿ ದೊಡ್ಡ ಅಂತರ ಬರಲಿಲ್ಲ, ಆದರೆ ಎಂಟಕ್ಕಿಂತ ಕಡಿಮೆಯಾಗದಂತೆ ಸಿಟ್ಟಿಂಗ್ ಮುಗಿಸಿದವರು ಚೆನ್ನಾಗಿ ಸುಧಾರಿಸಿದ್ದರು. ಅಂದರೆ ಕೈಬಿಡದಂತೆ ನೋಡಿಕೊಳ್ಳುವುದೇ ಅರ್ಧ ಕೆಲಸ. ಅಪಾಯಿಂಟ್‌ಮೆಂಟಿನ ಹಿಂದಿನ ಸಂಜೆಗೂ ಅಂದು ಬೆಳಗ್ಗೆಗೂ ಒಂದೊಂದು ಫೋನ್ ಮಾಡಿ. ಬರದಿದ್ದರೆ ಅದನ್ನು ನಿರ್ಲಕ್ಷ್ಯ ಎಂದು ಬರೆಯಬೇಡಿ, ಮರೆವು ಈ ಕಾಯಿಲೆಯ ಲಕ್ಷಣ.

ನಿದ್ದೆಯ ವಿಷಯದಲ್ಲಿ ಒಂದು ಸ್ಥಳೀಯ ಸಂಗತಿ. ನಿವೃತ್ತರಾದ ಜವಾನರಿಗೆ ಸಿಗುವ ಕೆಲಸ ಬಹುಪಾಲು ಸೆಕ್ಯುರಿಟಿಯದು, ಅದರಲ್ಲೂ ರಾತ್ರಿ ಪಾಳಿ. ವಾರಕ್ಕೊಮ್ಮೆ ಪಾಳಿ ಬದಲಾಗುವವರಿಗೆ ಯಾವ ಮಾತ್ರೆಯೂ ಪೂರ್ತಿ ಕೆಲಸ ಮಾಡುವುದಿಲ್ಲ. ಹಗಲು ಪಾಳಿ ಕೊಡಿ ಎಂದು ವೈದ್ಯರು ಬರೆದುಕೊಡುವ ಒಂದು ಪತ್ರ ಎಷ್ಟೋ ಸಲ ಔಷಧಕ್ಕಿಂತ ಹೆಚ್ಚು ಮಾಡುತ್ತದೆ. ಗೊರಕೆ ಜೋರಿದ್ದು ನಡುವೆ ಉಸಿರು ಕಟ್ಟುತ್ತದೆ ಎಂದು ಹೆಂಡತಿ ಹೇಳಿದರೆ ನಿದ್ದೆಯ ಪರೀಕ್ಷೆಗೆ ಕಳಿಸಿ, ತಲೆಪೆಟ್ಟಿನವರಲ್ಲಿ ಅದು ಹೆಚ್ಚು.

ಸೇನಾ ಕ್ಯಾಂಟೀನಿನಲ್ಲಿ ಸಿಗುವ ರಮ್ಮಿನ ಬಗ್ಗೆ ಉಪದೇಶ ಕೊಟ್ಟು ಪ್ರಯೋಜನವಿಲ್ಲ, ಲೆಕ್ಕ ಕೊಟ್ಟರೆ ಕೇಳುತ್ತಾರೆ. ಪೆಟ್ಟಾದ ಮೇಲೆ ಮೊದಲಿನ ಅರ್ಧದಷ್ಟಕ್ಕೇ ಅಮಲೇರಬಹುದು, ಫಿಟ್ಸ್ ಬರಬಹುದು, ಬಿದ್ದು ಇನ್ನೊಂದು ಪೆಟ್ಟಾಗಬಹುದು, ಖಿನ್ನತೆಯ ಮಾತ್ರೆ ಸರಿಯಾಗಿ ಕೆಲಸ ಮಾಡದಿರಬಹುದು. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೂ ಫಿಟ್ಸ್ ಬರಬಹುದು, ಅಂಥವರನ್ನು ದಾಖಲಿಸಿಕೊಂಡೇ ಬಿಡಿಸಬೇಕು, ಥಯಾಮಿನ್ (ಬಿ1 ವಿಟಮಿನ್) ಕೊಡುವುದನ್ನು ಮರೆಯಬಾರದು.

ಆತ್ಮಹತ್ಯೆಯ ಅಪಾಯವನ್ನು ಬೇರೆಯಾಗಿಯೇ ಹೇಳಬೇಕು. ಡೆನ್ಮಾರ್ಕಿನಲ್ಲಿ 1980ರಿಂದ 2014ರವರೆಗಿನ ಇಡೀ ದೇಶದ ದಾಖಲೆ ನೋಡಿದ ಅಧ್ಯಯನದ ಪ್ರಕಾರ ತಲೆಪೆಟ್ಟು ಆದವರಲ್ಲಿ ಈ ಅಪಾಯ ಉಳಿದವರಿಗಿಂತ ಸುಮಾರು 1.9 ಪಟ್ಟು. ಇದರ ಮೇಲೆ ನಮ್ಮ ಮಾಜಿ ಸೈನಿಕರಲ್ಲಿ ಹಲವರ ಕೈಯಲ್ಲಿ ಬಂದೂಕು ಇದೆ. ಬ್ಯಾಂಕ್, ನಗದು ಸಾಗಿಸುವ ವಾಹನಗಳ ಗನ್‌ಮ್ಯಾನ್ ಕೆಲಸಕ್ಕೆ ಲೈಸೆನ್ಸ್ ಇರುವವರನ್ನೇ ಹುಡುಕುತ್ತಾರೆ. ಕೊಡಗಿನಲ್ಲಂತೂ ಕೊಡವರಿಗೂ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದಲೇ ವಿನಾಯಿತಿಯಿದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಕೋವಿ ಅಲ್ಲಿ ಹುಟ್ಟಿನಿಂದ ಸಾವಿನವರೆಗಿನ ಆಚರಣೆಗಳ ಭಾಗ, ಕೈಲ್ ಪೊಳ್ದ್ ಹಬ್ಬದ ದಿನ ಪೂಜೆಗೊಳ್ಳುವ ವಸ್ತು. ಅದನ್ನು ಕಿತ್ತುಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಾರದವರ ಮನೆಯಲ್ಲಿ ಕಾಯಿಲೆ ಇಳಿಯುವವರೆಗೆ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಬೀಗದ ಕೈ ಮತ್ತೊಬ್ಬರ ಬಳಿ ಇರಲಿ. ಇನ್ನೂ ಒಳ್ಳೆಯದು, ಪೊಲೀಸ್ ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯ ಬಳಿಯೋ ಕೆಲಕಾಲ ಠೇವಣಿ ಇಡುವುದು. ಇದನ್ನು ವೈದ್ಯರಿಗಿಂತ ಹಿರಿಯ ಮಾಜಿ ಸುಬೇದಾರರೊಬ್ಬರು ಹೇಳಿದರೆ ಕೇಳುತ್ತಾರೆ: "ಆರ್ಮರಿಯಲ್ಲಿ ಜಮಾ ಮಾಡೋದು ನಮಗೇನು ಹೊಸದಾ?" ಬಯಲುಸೀಮೆಯ ಮನೆಗಳಲ್ಲಿ ಬಂದೂಕಿನ ಜಾಗದಲ್ಲಿ ಕೀಟನಾಶಕವಿರುತ್ತದೆ, ಅದಕ್ಕೂ ಬೀಗ ಬೇಕು. ಮಾತ್ರೆಯನ್ನೂ ಹದಿನೈದು ದಿನದ್ದು ಮಾತ್ರ ಕೊಟ್ಟು ಹೆಂಡತಿಯ ಕೈಗೆ ಕೊಡಿ. ಯತ್ನ ನಡೆದಿದ್ದರೆ ಪೊಲೀಸ್ ಕೇಸಾಗುತ್ತದೆಂದು ಹೆದರಿ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕೆನ್ನುತ್ತದೆ, ಆರೈಕೆ ಕೊಡುವ ಹೊಣೆ ಸರ್ಕಾರದ್ದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಪ್ರತಿ ಔಷಧದ ಚೀಟಿಯ ಕೆಳಗೂ ಅಚ್ಚಾಗಿರಲಿ.

ಇನ್ನು ಆಡಳಿತದ ಮಾತು. ಪಾಲಿಕ್ಲಿನಿಕ್‌ಗಳಲ್ಲಿ ಮನೋವೈದ್ಯರು ಸಾಮಾನ್ಯವಾಗಿ ಕೂರುವುದಿಲ್ಲ, ಎಲ್ಲ ಕಡೆ ಕೂರಿಸಿ ಎಂದು ಕೇಳುವುದೂ ಕಾರ್ಯಸಾಧ್ಯವಲ್ಲ. ಆದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಪ್ರತಿ ಜಿಲ್ಲೆಯಲ್ಲಿದೆ, ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ತಾಲೂಕು ಆಸ್ಪತ್ರೆಗಳವರೆಗೂ ಬಂದಿದೆ. ತಿಂಗಳಿಗೆ ಒಂದು ಮಧ್ಯಾಹ್ನ ಆ ತಂಡ ಪಾಲಿಕ್ಲಿನಿಕ್‌ಗೆ ಬರುವಂತೆ ಸೈನಿಕ ಕಲ್ಯಾಣ ಇಲಾಖೆಯೂ ಆರೋಗ್ಯ ಇಲಾಖೆಯೂ ಒಂದು ಒಪ್ಪಂದ ಮಾಡಿಕೊಂಡರೆ ಸಾಕು. ಕಷ್ಟದ ಪ್ರಕರಣಗಳಿಗೆ ನಿಮ್ಹಾನ್ಸ್ ಇದೆ, ಅಲ್ಲಿ ನ್ಯೂರಾಲಜಿ, ಮನೋವೈದ್ಯಕೀಯ, ಪುನರ್ವಸತಿ ಮೂರೂ ಒಂದೇ ಆವರಣದಲ್ಲಿವೆ. ಅಲ್ಲಿಗೆ ರೆಫರ್ ಮಾಡುವಾಗ ಒಂದೇ ಚೀಟಿಯಲ್ಲಿ ನ್ಯೂರಾಲಜಿ ಮತ್ತು ಮನೋವೈದ್ಯಕೀಯ ಎರಡನ್ನೂ ಬರೆಯಲು ಅವಕಾಶ ಮಾಡಿಕೊಡಿ. ಬೀದರ್‌ನಿಂದ ಬಂದವರು ಇನ್ನೊಂದು ವಿಭಾಗಕ್ಕೆ ಇನ್ನೊಂದು ರೆಫರಲ್ ತರಲು ವಾಪಸ್ ಹೋದರೆ ಮತ್ತೆ ಬರುವುದಿಲ್ಲ. ಸರ್ಟ್ರಲೀನ್ ಒಂದು ತಿಂಗಳು ಕೌಂಟರಿನಲ್ಲಿ ಇಲ್ಲವೆಂದರೆ ನಷ್ಟ ಒಂದು ತಿಂಗಳದ್ದಲ್ಲ, ಮತ್ತೆ 25ರಿಂದ ಶುರು ಮಾಡಬೇಕು. ಆದ್ದರಿಂದ ಇದು, ಎಸಿಟಲೋಪ್ರಾಮ್, ವಾಲ್‌ಪ್ರೊಯೇಟ್ ಈ ಮೂರರ ಮೂರು ತಿಂಗಳ ದಾಸ್ತಾನು ಕಡ್ಡಾಯವಾಗಲಿ.

ಕೊನೆಯದಾಗಿ ಅಗ್ನಿವೀರರು. ನಾಲ್ಕು ವರ್ಷದ ಸೇವೆ ಮುಗಿಸಿ ಹೊರಬರುವ ಇವರಿಗೆ ಅಗ್ನಿಪಥ ಯೋಜನೆಯ ನಿಯಮದ ಪ್ರಕಾರ ಮಾಜಿ ಸೈನಿಕರ ಸ್ಥಾನವಿಲ್ಲ, ಇಸಿಎಚ್‌ಎಸ್ ಕಾರ್ಡೂ ಇಲ್ಲ. ಅಂಗವೈಕಲ್ಯದ ಪರಿಹಾರ ಶೇ. 50, 75, 100 ಎಂಬ ಹಂತಗಳಲ್ಲಿ 15, 25, 44 ಲಕ್ಷವಿದೆ. ಲಘು ತಲೆಪೆಟ್ಟು ಆ ಮೊದಲ ಮೆಟ್ಟಿಲನ್ನೂ ಮುಟ್ಟುವುದು ಕಷ್ಟ. ಇಪ್ಪತ್ತೈದರ ಹರೆಯದಲ್ಲಿ, ತರಬೇತಿಯಲ್ಲಿ ತಲೆಗೆ ಪೆಟ್ಟಾಗಿ, ಕೈಯಲ್ಲಿ ಕಾರ್ಡಿಲ್ಲದೆ ಊರಿಗೆ ಮರಳುವವರಿಗೆ ಬಾಗಿಲು ಯಾವುದು? ಅವರು ಸೇನೆ ಬಿಡುವ ದಿನದ ವೈದ್ಯಕೀಯ ತಪಾಸಣೆಯಲ್ಲೇ ಮೇಲೆ ಹೇಳಿದ ತಲೆಪೆಟ್ಟಿನ ಪ್ರಶ್ನೆಗಳೂ ಪಿಎಚ್‌ಕ್ಯೂ-9 ಸಹ ಸೇರಲಿ, ಅದರ ಒಂದು ಪ್ರತಿ ಅವರ ಕೈಗೆ, ಇನ್ನೊಂದು ಅವರ ಒಪ್ಪಿಗೆ ಪಡೆದು ತವರು ಜಿಲ್ಲೆಯ ಮಾನಸಿಕ ಆರೋಗ್ಯ ತಂಡಕ್ಕೆ ಹೋಗಲಿ. ಇದಕ್ಕೆ ಕೇಂದ್ರದ ಆದೇಶ ಬರುವವರೆಗೆ ಕಾಯುವುದೂ ಬೇಡ, ಊರಿಗೆ ಮರಳಿದವರ ಹೆಸರು ನೋಂದಾಯಿಸುವಾಗ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳೇ ಆ ಹಾಳೆ ತುಂಬಿಸಿಕೊಳ್ಳಬಹುದು.

ಇಂತಿ,
ತಲೆಪೆಟ್ಟಿನ ಪುನರ್ವಸತಿ ಮತ್ತು ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಕೆಲವು ವೈದ್ಯರು, ಮನಶ್ಶಾಸ್ತ್ರಜ್ಞರು ಮತ್ತು ನರ್ಸುಗಳು